ಸಹಿ ಹಾಕದ ಕಾಗದ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಅಳತೆಯಕ್ಕ ಎಂದೇ ಹೆಸರು. ಅವಳು ಮಡಚಿಟ್ಟ ಹಾಸಿಗೆ ಬಟ್ಟೆಗಳ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಹದಿನಾರು ವರ್ಷದಿಂದ ಬಿಸಿ ಉರುಳೆಯ ಇಸ್ತ್ರಿ ಯಂತ್ರ ಅವಳದೇ. ಒದ್ದೆ ಬಟ್ಟೆಯನ್ನು ಉರುಳೆಯ ಬಾಯಿಗೆ ಕೊಡಬೇಕು, ಅದು ಆಚೆ ಕಡೆಯಿಂದ ಗರಿಗರಿಯಾಗಿ ಬರುತ್ತದೆ. ಉರುಳೆಯ ಮುಂದೆ ಅಡ್ಡಲಾಗಿ ಒಂದು ತಡೆಸರಳು ಇತ್ತು. ಕೈ ತಾಗಿದರೆ ಯಂತ್ರ ತಟ್ಟನೆ ನಿಲ್ಲುತ್ತಿತ್ತು. ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತಿತ್ತು. ಮೇಸ್ತ್ರಿಗೆ ಅದೇ ತಲೆನೋವು.

ಬಟ್ಟೆ ರಾಶಿಬಿದ್ದ ಒಂದು ವಾರ ಮೇಸ್ತ್ರಿ ತಾನೇ ನಿಂತು ಆ ಸರಳನ್ನು ಬಿಚ್ಚಿಸಿದ.

“ಬೇಡ ಸರ್, ಅಪಾಯ,” ಅಂದಳು.

“ಎರಡೇ ದಿನ ಅಕ್ಕ. ಆಮೇಲೆ ಹಾಕಿಸ್ತೀನಿ.”

ಮೂರನೆಯ ದಿನ ಉರುಳೆ ಅವಳ ಎಡಗೈಯ ಎರಡು ಬೆರಳನ್ನು ಎಳೆದುಕೊಂಡಿತು.

ಇನ್ನೂ ವಾರ್ಡಿನಲ್ಲಿ ಮಲಗಿದ್ದಾಗಲೇ ಮೇಸ್ತ್ರಿ ಒಂದು ಕಾಗದ ತಂದ. ಸರಳನ್ನು ಕೆಲಸದವಳೇ ಬಿಚ್ಚಿದ್ದಳು ಎಂದು ಅದರಲ್ಲಿ ಬರೆದಿತ್ತು.

“ಒಂದು ಸಹಿ ಹಾಕಿಬಿಡಿ. ನಿಮಗೂ ತೊಂದರೆಯಿಲ್ಲ, ನನಗೂ ತೊಂದರೆಯಿಲ್ಲ.”

“ಬಲಗೈ ಚೆನ್ನಾಗೇ ಇದೆ ಸರ್. ಆದ್ರೆ ಸುಳ್ಳಿಗೆ ಸಹಿ ಹಾಕೋ ಅಭ್ಯಾಸ ಅದಕ್ಕಿಲ್ಲ.”

ನಡೆದದ್ದನ್ನು ಅವಳೇ ಬರೆದು ಕಚೇರಿಗೆ ಕೊಟ್ಟಳು. ಕಣ್ಣಾರೆ ಕಂಡ ಮೂವರು ಹೆಂಗಸರಿದ್ದರು. ಕಚೇರಿಯವರು ವಿಚಾರಿಸಲು ಬಂದಾಗ ಮೂವರೂ ನೆಲ ನೋಡಿದರು. ಕೊನೆಗೆ ಅವಳ ಕೈಗೆ ಬಂದದ್ದು ಎಚ್ಚರಿಕೆ ಪತ್ರ, ಜೊತೆಗೆ ಮೂಲೆಯ ಹೊಲಿಗೆ ಮೇಜು. ಹರಿದ ದಿಂಬಿನ ಚೀಲಗಳಿಗೆ ತೇಪೆ ಹಾಕುವ ಕೆಲಸ.

ಅವಳ ಗಂಡ ಕ್ಷೌರಿಕ. ಊರಿನವರ ಕಷ್ಟವನ್ನೆಲ್ಲ ಕುರ್ಚಿಯ ಹಿಂದೆ ನಿಂತು ಕೇಳುವವನಿಗೆ ಮನೆಯ ಕಷ್ಟ ಸಹಿಸಲಾಗಲಿಲ್ಲ.

“ಪ್ರತಿ ಭಾನುವಾರ ಚರ್ಚಿಗೆ ಓಡ್ತೀಯಲ್ಲ, ನಿನ್ನ ದೇವರೇನು ಅವತ್ತು ರಜಾದಲ್ಲಿದ್ದನಾ?”

“ನಾನೂ ಅದನ್ನೇ ಕೇಳಿದೆ.”

“ಏನಂದ?”

“ಏನೂ ಅನ್ನಲಿಲ್ಲ. ಆದ್ರೆ ಯೇಸು ಸ್ವಾಮಿಯ ಮೇಲೂ ಸುಳ್ಳು ಹೇಳಿದ್ರಲ್ಲ. ಅವರು ತಿರುಗಿ ಬೈಯಲಿಲ್ಲ, ತೀರ್ಪನ್ನ ತಂದೆಗೆ ಬಿಟ್ಟರು.”

“ಹಾಗಾದ್ರೆ ನೀನೂ ಬಾಯಿಗೆ ಬೀಗ ಹಾಕ್ಕೊಂಡು ಕೂರ್ತೀಯಾ?”

“ಸುಮ್ಮನಿರ್ತೀನಿ ಅಂತ ಯಾರಂದ್ರು? ಸತ್ಯ ಹೇಳೋದು ನನ್ನ ಕೆಲಸ. ತೀರ್ಪು ಕೊಡೋದು ಅವನ ಕೆಲಸ. ಎರಡನ್ನೂ ನಾನೇ ಹೊತ್ತರೆ ಬೆನ್ನು ಮುರಿಯುತ್ತೆ.”

ಹೇಳಿದಷ್ಟು ಸುಲಭವಾಗಿರಲಿಲ್ಲ. ಎಷ್ಟೋ ಬೆಳಿಗ್ಗೆ ಅವಳ ಪ್ರಾರ್ಥನೆ “ಕರ್ತನೇ, ಆ ಮೇಸ್ತ್ರಿನ ನೋಡ್ಕೋ” ಎಂಬಲ್ಲಿಗೆ ಬಂದು, ಅದು ಹಾರೈಕೆಯೋ ಶಾಪವೋ ತಿಳಿಯದೆ ನಿಂತುಬಿಡುತ್ತಿತ್ತು.

ಎರಡು ತಿಂಗಳ ಮೇಲೆ ಮೇಸ್ತ್ರಿ ಒಬ್ಬ ಹೆಂಗಸನ್ನು ಕರೆತಂದ. ಗಂಡನನ್ನು ಕಳೆದುಕೊಂಡ ಅವನ ನಾದಿನಿ. ಇಸ್ತ್ರಿ ಯಂತ್ರಕ್ಕೆ ಅವಳನ್ನು ಹಾಕಿದ್ದರು. ಕಲಿಸಲು ಅಳತೆಯಕ್ಕನನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಯಂತ್ರಕ್ಕೆ ಇನ್ನೂ ತಡೆಸರಳಿರಲಿಲ್ಲ. ಅದನ್ನು ನೋಡಿದ ಕ್ಷಣ ಅಳತೆಯಕ್ಕನ ಎದೆಯಲ್ಲಿ ಒಂದು ಮಾತು ಹಾದುಹೋಯಿತು: ಆಗಲಿ, ಅವನ ಮನೆಯವರಿಗೇ ಆಗಲಿ, ಆಗ ಗೊತ್ತಾಗುತ್ತೆ. ಆ ಮಾತು ತನ್ನದೇ ಎಂದು ತಿಳಿದು ಅವಳು ಬೆಚ್ಚಿದಳು. “ಕರ್ತನೇ, ಇದನ್ನ ನನ್ನಿಂದ ತೆಗೆ” ಎಂದುಕೊಂಡು, ಯಂತ್ರ ಶುರು ಮಾಡುವ ಗುಂಡಿಯ ಮೇಲೆ ಅಂಗೈ ಮುಚ್ಚಿ ನಿಂತಳು.

“ಸರಳು ಹಾಕಿಸಿ ಸರ್. ಆಮೇಲೆ ಕಲಿಸ್ತೀನಿ.”

ಮೇಸ್ತ್ರಿಯ ಮುಖ ಕೆಂಪಾಯಿತು. “ಎಲ್ಲರೆದುರು ಸೇಡು ತೀರಿಸ್ಕೊಳ್ತಿದ್ದೀರಾ?”

“ಸೇಡಾಗಿದ್ರೆ ಇಷ್ಟೊತ್ತಿಗೆ ಯಂತ್ರ ಶುರು ಮಾಡಿರ್ತಿದ್ದೆ.”

ನಾದಿನಿ ಅವಳ ಎಡಗೈಯನ್ನು ನೋಡಿದಳು, ಭಾವನ ಮುಖ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು. ಒಗೆಯುವ ಯಂತ್ರಗಳ ಕಡೆಯಿಂದ, ಅಂದು ನೆಲ ನೋಡಿದ್ದ ಮೂವರಲ್ಲಿ ಹಿರಿಯಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅಳತೆಯಕ್ಕನ ಪಕ್ಕ ನಿಂತಳು. ಅರ್ಧ ಗಂಟೆಯಲ್ಲಿ ಸರಳು ಕೂತಿತು. ಅದು ಇಷ್ಟು ದಿನವೂ ಮೇಸ್ತ್ರಿಯ ಬೀರುವಿನ ಹಿಂದೆಯೇ ಇತ್ತಂತೆ.

ಮರುವಾರ ಆ ಹಿರಿಯಳು ತಾನು ಕಂಡದ್ದನ್ನು ಬರೆದುಕೊಟ್ಟಳು. “ಪರಿಶೀಲಿಸುತ್ತೇವೆ” ಎಂದಿತು ಕಚೇರಿ. ಎಚ್ಚರಿಕೆ ಪತ್ರವನ್ನು ಇಂದಿಗೂ ಹಿಂದಕ್ಕೆ ಪಡೆದಿಲ್ಲ. ಮೇಸ್ತ್ರಿ ಕ್ಷಮೆ ಕೇಳಲಿಲ್ಲ, ಎದುರು ಸಿಕ್ಕರೆ ದಾರಿ ಬಿಡುತ್ತಾನೆ, ಅಷ್ಟೇ.

“ನ್ಯಾಯ ಸಿಕ್ತಾ?” ಎಂದು ಗಂಡ ಆಗಾಗ ಕೇಳುತ್ತಾನೆ.

“ಇನ್ನೂ ಇಲ್ಲ. ಕೇಳ್ತಾ ಇದ್ದೀನಿ, ಕಚೇರೀನೂ, ಮೇಲಿನವನನ್ನೂ.”

“ಎರಡೂ ಕಡೆ ನಿಧಾನವೇ,” ಎಂದು ಅವನು ನಗುತ್ತಾನೆ. ಈಗೀಗ ಭಾನುವಾರ ಚರ್ಚಿನ ಬಾಗಿಲವರೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಾನೆ. ಒಳಗೆ ಅವಳು ಮೇಸ್ತ್ರಿಗಾಗಿಯೂ ಬೇಡುತ್ತಾಳೆ. ಹಲ್ಲು ಕಚ್ಚದೆ ಬೇಡಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು.