ತವರ ಸೀರೆ

ಚಟ್ಟದ ಹಗ್ಗಕ್ಕೆ ಮಲ್ಲಣ್ಣ ಕೊನೆಯ ಗಂಟು ಹಾಕುತ್ತಿದ್ದಾಗ ಪಕ್ಕದ ಮನೆಯ ಚಮನಬೀ ಅಡ್ಡ ಬಂದು ನಿಂತಳು.

"ತವರ ಸೀರಿ ಎಲ್ಲದ? ಅದಿಲ್ಲದ ಹೆಂಗ ಎತ್ತತೀರಿ?"

ಮಲ್ಲಣ್ಣನ ಕೈ ಹಗ್ಗದ ಮೇಲೇ ನಿಂತಿತು. ಈ ಸೀಮೆಯಲ್ಲಿ ಸತ್ತ ಹೆಂಗಸಿಗೂ ತವರು ಬೇಕು. ಗಂಡನ ಮನೆ ಎಷ್ಟೇ ದೊಡ್ಡದಿರಲಿ, ತವರಿನವರು ತಂದ ಸೀರೆ ಹೊದಿಸದೆ ಹೆಣ ಅಂಗಳ ದಾಟುವುದಿಲ್ಲ. ಚಟ್ಟದ ಮೇಲಿದ್ದ ಮಾಳಮ್ಮನಿಗೋ ಗಂಡನೇ ಇರಲಿಲ್ಲ. ಮಲ್ಲಣ್ಣನ ಅವ್ವ ಗೋಗಿಯಿಂದ ಮದುವೆಯಾಗಿ ಶಹಾಪುರಕ್ಕೆ ಬಂದಾಗ ಹಿತ್ತಾಳೆ ಕೊಡ, ಕರೆಯುವ ಆಕಳಿನ ಜೊತೆ ಬಳುವಳಿಯಾಗಿ ಬಂದ ಏಳು ವರ್ಷದ ಕುರುಬರ ಹುಡುಗಿ ಅವಳು. ಆಕಳು ಸತ್ತಿತು, ಕೊಡ ತೂತಾಯಿತು, ಅವ್ವನೂ ಹೋದಳು. ಮಾಳಮ್ಮ ಐವತ್ತು ವರ್ಷ ಅದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು.

"ನಮ್ಮವ್ವನ ಸಂಗಟ ಬಂದಾಕಿ. ನಮ್ಮ ಮನಿನೇ ಆಕಿ ತವರು," ಎಂದ ಮಲ್ಲಣ್ಣ. ಅವನ ಹೆಂಡತಿ ಭೀಮಾಬಾಯಿ ಪೆಟ್ಟಿಗೆಯಲ್ಲಿದ್ದ ಹೊಸ ಇಳಕಲ್ ಸೀರೆಯನ್ನೇ ತೆಗೆದು ಹೊದಿಸಿದ್ದಳು; ಕಂಜೂಸತನ ಮಾಡಿರಲಿಲ್ಲ.

"ಬಳುವಳಿ ಇಸ್ಕೊಂಡ ಮನಿ ತವರಾಗಂಗಿಲ್ಲಪಾ," ಎಂದಳು ಚಮನಬೀ. "ಗೋಗ್ಯಾಗ ಆಕಿ ಅಣ್ಣ ಸಾಬಣ್ಣ ಅದಾನ. ನಸಿಕಿನ್ಯಾಗೇ ನನ್ನ ಅಳಿಯನ್ನ ಕಳಿಸೀನಿ. ತಡೀರಿ."

ಮಲ್ಲಣ್ಣ ಹಗ್ಗ ಕೆಳಗೆ ಬಿಟ್ಟ. ಸಾಬಣ್ಣನಿಗೆ ಮುಖ ಕೊಡುವುದು ತಪ್ಪಲೆಂದೇ ಅವನು ಬೆಳಗಿನಿಂದ ಇಷ್ಟು ಅವಸರ ಮಾಡಿದ್ದ.

ಗೆಳೆಯ ನಾಗಣ್ಣ ಅಂಗಡಿ ಮುಚ್ಚಿ ಬಂದಿದ್ದ. ಬೆನ್ನು ಸವರಿ, "ಯಾಕ ಮಾರಿ ಸಣ್ಣ ಮಾಡ್ತಿ? ಆಕೀನ ಬಳುವಳಿ ತಂದದ್ದು ಹಿರ್ಯಾರು. ಆಗ ನೀ ಹುಟ್ಟೇ ಇರ್ಲಿಲ್ಲ," ಎಂದ.

ಈ ಮಾತನ್ನು ಮಲ್ಲಣ್ಣ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಹೇಳಿಕೊಂಡಾಗಲೆಲ್ಲ ಒಂದೆರಡು ದಿನ ನಿದ್ದೆ ಚೆನ್ನಾಗಿ ಬರುತ್ತಿತ್ತು.

*

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ. ಈಗ ಅದಕ್ಕೆ ಆರು ವರ್ಷ. ಅಣ್ಣಂದಿರು ತಂಗಿಯರನ್ನು ತವರಿಗೆ ಕರೆದೊಯ್ಯುವ ಪಂಚಮಿ ಹಬ್ಬದ ಹಿಂದಿನ ದಿನ ಸಾಬಣ್ಣ ಬಂಡಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತಿದ್ದ.

"ನಿಜಾಮನ ರಾಜ್ಯ ಹೋತ್ರಿ. ಇನ್ನ ಜೀತ ಇಲ್ಲಂತ ಮಂದಿ ಮಾತಾಡಾಕತ್ತಾರ. ತಂಗೀನ ಕಳಸ್ರಿ. ಹಬ್ಬ ಆದಮ್ಯಾಲೂ ನಮ್ಮ ಮನ್ಯಾಗೇ ಇರ್ಲಿ."

ಒಳಗೆ ಮಾಳಮ್ಮ ಜೋಳ ಬೀಸುತ್ತಿದ್ದಳು. ಬೀಸುಕಲ್ಲಿನ ಸದ್ದಿನಲ್ಲಿ ಹೊರಗಿನ ಮಾತು ಅವಳಿಗೆ ಕೇಳುವಂತಿರಲಿಲ್ಲ. ಮಲ್ಲಣ್ಣ ಎದ್ದು ಒಳಗೆ ಹೋದ, ಒಂದು ತಂಬಿಗೆ ನೀರು ಕುಡಿದ, ಹೊರಗೆ ಬಂದ.

"ಕೇಳಿದೆ. ಒಲ್ಲೆ ಅಂತಾಳ."

ಸಾಬಣ್ಣ ಬಂಡಿ ತಿರುಗಿಸಿದ. ಆಗ ಭೀಮಾಬಾಯಿ ತುಂಬಿದ ಬಸುರಿ, ಮನೆಗೆಲಸ ಬೆಟ್ಟದಷ್ಟಿತ್ತು. ಕಾರಣ ಅಷ್ಟೇ.

*

ಮಧ್ಯಾಹ್ನ ಬಂಡಿ ಬಂತು. ಸಾಬಣ್ಣನಿಗೆ ಅರವತ್ತು ದಾಟಿತ್ತು. ಬಗಲ ಗಂಟು ಬಿಚ್ಚಿ ಹಸಿರು ಸೀರೆ ತೆಗೆದು ತಂಗಿಗೆ ಹೊದಿಸಿ, ತಲೆಯ ಹತ್ತಿರ ಕೂತ.

"ನನ್ನ ಮ್ಯಾಲ ಏನು ಸಿಟ್ಟಿತ್ತವ್ವ ನಿನಗ?" ಎಂದು ಹೆಣವನ್ನೇ ಕೇಳಿದ. "ಬಾಗಿಲಿಗಿ ಬಂದು ನಿಂತರ ಮಾರಿನೂ ತೋರಸ್ಲಿಲ್ಲ. ಒಲ್ಲೆ ಅಂದಿ. ಇವತ್ತೂ ಬರಬಾರ್ದು ಅಂತಿದ್ದೆ ನಾ."

ಸುಮ್ಮನಿದ್ದರೆ ಆಗುತ್ತಿತ್ತು. ಇನ್ನೆರಡು ತಾಸಿನಲ್ಲಿ ಎಲ್ಲವೂ ಮಣ್ಣಿನಡಿ ಹೋಗುತ್ತಿತ್ತು. ಅದು ಮಲ್ಲಣ್ಣನಿಗೆ ಗೊತ್ತಿತ್ತು. ಆದರೆ ಮುದುಕ ಏನೂ ಅರಿಯದ ಸತ್ತವಳ ಮೇಲೆ ಮುನಿಸಿಕೊಂಡದ್ದನ್ನು ಅವನಿಂದ ನೋಡಲಾಗಲಿಲ್ಲ.

"ಆಕಿ ಒಲ್ಲೆ ಅನ್ನಲಿಲ್ಲ," ಎಂದ. "ನಾ ಕೇಳೇ ಇಲ್ಲ. ಒಳಗ ಹೋಗಿ ನೀರು ಕುಡದು ಬಂದೆ."

"ಹಿರ್ಯಾರ ಕಾಲದ್ದು ಬಿಡ್ರಿ..." ಎಂದು ನಾಗಣ್ಣ ನಡುವೆ ಬಾಯಿ ಹಾಕಿದ.

"ಹಿರ್ಯಾರದ್ದಲ್ಲೋ. ಇದು ನಂದು."

ಸಾಬಣ್ಣ ತಲೆ ಎತ್ತಿದ. "ನಾ ಬಂದಿದ್ದು ಆಕೀಗಿ ಗೊತ್ತಿತ್ತೇನ್ರಿ?"

"ಇಲ್ಲ."

ಚಮನಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಂಚಮಿ ಬಂತಂದ್ರ ನನ್ನ ಕಟ್ಟಿ ಮ್ಯಾಲ ಬಂದು ಕೂಡ್ತಿದ್ಲು. ಅಲ್ಲಿಂದ ಗೋಗಿ ದಾರಿ ಕಾಣಸ್ತದ."

ಸಾಬಣ್ಣ ಕೆಳಗಿನ ಇಳಕಲ್ ಸೀರೆಯನ್ನು ಮೆಲ್ಲಗೆ ಎಳೆದು ತೆಗೆದು, ಮಡಚಿ, ಭೀಮಾಬಾಯಿಯ ಕೈಗೆ ಕೊಟ್ಟ.

"ತಂಗೀನ ಗೋಗಿಗಿ ಒಯ್ತೀನಿ," ಎಂದ.

ಚಟ್ಟವನ್ನು ಬಂಡಿಗೆ ಏರಿಸಿದರು. ಹೆಗಲು ಕೊಡಲು ಹೋದ ಮಲ್ಲಣ್ಣನಿಗೆ ಯಾರೂ ಬೇಡ ಎನ್ನಲಿಲ್ಲ, ಯಾರೂ ಜಾಗವನ್ನೂ ಬಿಡಲಿಲ್ಲ. ಅವನು ಚಪ್ಪಲಿ ಬಿಟ್ಟು ಬಂಡಿಯ ಹಿಂದೆ ನಡೆದ. ಊರು ದಾಟುತ್ತಲೇ ಜನ ಒಬ್ಬೊಬ್ಬರಾಗಿ ಮರಳಿದರು. ಕುಲುಕಾಟಕ್ಕೆ ಸೀರೆ ಸರಿದು ಮಾಳಮ್ಮನ ಪಾದಗಳು ಹೊರಬಿದ್ದವು. ಎಷ್ಟು ತೊಳೆದಿದ್ದರೂ ಹಿಮ್ಮಡಿಯ ಬಿರುಕುಗಳಲ್ಲಿ ಮಲ್ಲಣ್ಣನ ಕೊಟ್ಟಿಗೆಯ ಸಗಣಿ ಕಪ್ಪಗೆ ಉಳಿದಿತ್ತು. ಅವನು ಆ ಪಾದಗಳನ್ನೇ ನೋಡುತ್ತ ನಡೆದ.

ಸಾಬಣ್ಣ ಎತ್ತು ನಿಲ್ಲಿಸಿ ಇಳಿದು ಬಂದ. ಮಲ್ಲಣ್ಣನೂ ನಿಂತ. ಮುದುಕ ಅವನತ್ತ ನೋಡಲಿಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ತಂಗಿಯ ಪಾದಗಳನ್ನು ಮುಚ್ಚಿದ, ಅದರ ಅಂಚನ್ನು ಸುತ್ತಲೂ ಒತ್ತಿ ಸಿಕ್ಕಿಸಿದ, ಮತ್ತೆ ಬಂಡಿ ಹತ್ತಿದ.