ಲಕ್ಕಮ್ಮನ ಬಲಗಣ್ಣು

“ಮುಖ ಎತ್ತೇ ಮುಂಡೆ! ಗಿರಾಕಿಗೆ ಕಾಣ್ಬ್ಯಾಡ್ವಾ?”

ಹೋಟೆಲಿನ ಯಜಮಾನ ಶಂಭುಲಿಂಗಯ್ಯ ಗೇಟಿನಲ್ಲೇ ನಿಂತು ಕೂಗಿದ. ಲಕ್ಕಮ್ಮ ಸೆರಗಿನಿಂದ ಬಲಗಣ್ಣು ಒತ್ತಿಕೊಂಡಿದ್ದಳು. ನಿನ್ನೆ ಬಿದ್ದ ಬ್ಲೀಚಿಂಗ್ ನೀರಿಗೆ ಅದು ಕೆಂಡದಂತಾಗಿ ಊದಿತ್ತು. ಇನ್ನೊಂದು ಸಲ ಬಿದ್ದರೆ ಕಣ್ಣೇ ಹೋಗುತ್ತದೆಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದಳು.

ಲಾಕ್‌ಡೌನ್ ಮುಗಿದು ಕಿಬ್ಬನಹಳ್ಳಿ ಹೆದ್ದಾರಿಯ ಹೋಟೆಲುಗಳು ಬಾಗಿಲು ತೆಗೆದಾಗ ನೊಣ ಹೊಡೆಯುವುದೇ ಕೆಲಸವಾಗಿತ್ತು. ಆಗ ಶಂಭುಲಿಂಗಯ್ಯನ ತಲೆ ಓಡಿತು. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿಗೆ ಬ್ಲೀಚಿಂಗ್ ನೀರು ತುಂಬಿಸಿ ಗೇಟಿಗೆ ತಂದಿಟ್ಟು, ಕೆಲಸದವರನ್ನು ತೊಳೆದೇ ಒಳಗೆ ಬಿಡುತ್ತೇವೆಂದು ಬೋರ್ಡು ಬರೆಸಿದ. ಪ್ರವಾಸ ಹೊರಟವರು ಕಾರು ನಿಲ್ಲಿಸಿ, ವಿಡಿಯೊ ಮಾಡಿಕೊಂಡು, ಧೈರ್ಯವಾಗಿ ಊಟಕ್ಕೆ ಕೂತರು. ವ್ಯಾಪಾರ ಚಿಗುರಿತು. ಆದರೆ ಆ ಕಾಯಿಲೆಗೂ ಜಾತಿ ಗೊತ್ತಿತ್ತೋ ಏನೋ! ಅಡುಗೆಯ ಏಕಾಂತಯ್ಯನ ಅಂಗೈಗೆ ಎರಡು ಹನಿ ಸ್ಯಾನಿಟೈಸರ್ ಸಾಕಾಗುತ್ತಿತ್ತು. ಕೇರಿಯಿಂದ ಪಾತ್ರೆ ಉಜ್ಜಲು ಬರುವ ಲಕ್ಕಮ್ಮನಿಗೂ ಕಸ ಎತ್ತುವ ಅವಳ ಗಂಡ ದುರ್ಗಯ್ಯನಿಗೂ ಮಾತ್ರ ನೆತ್ತಿಯಿಂದ ಪಾದದವರೆಗೆ ಪಂಪು.

“ಕಣ್ಣಿಗ್ ಬ್ಯಾಡಿ ಸ್ವಾಮಿ, ಮೈಗೆ ಬೇಕಾದ್ರೆ ಹುಯ್ರಿ,” ಲಕ್ಕಮ್ಮ ಕೈ ಮುಗಿದಳು.

“ಏನೂ ಆಗಲ್ಲ ಬುಡೇ, ಔಷ್ದಿ ಅದು. ಲೇ ದುರ್ಗ, ಇವತ್ತು ನೀನೇ ಹೊಡಿಲಾ. ಗಂಡ ಹೊಡುದ್ರೆ ಉರಿಯಲ್ಲ.”

ಗೇಟಿನೆದುರು ನಿಲ್ಲಿಸಿದ್ದ ಕಾರಿನಲ್ಲಿದ್ದವರು ನಕ್ಕರು. ಕೈಗೆ ತುರುಕಿದ ಪಂಪಿನ ಕೊಳವೆಯನ್ನು ದುರ್ಗಯ್ಯ ಎತ್ತಲಿಲ್ಲ.

“ನನ್ ಕೈಲಾಗಕಿಲ್ಲ ಸ್ವಾಮಿ. ಅವ್ಳ್ ಕಣ್ ಹೋಯ್ತದೆ.”

“ಹೋದ್ರೆ ಹೋಗ್ಲಿ. ಪಾತ್ರೆ ಉಜ್ಜಾಕೆ ಒಂದ್ ಕಣ್ ಸಾಲ್ದೇನ್ಲಾ, ಬೋಳಿಮಗ್ನೆ?”

ಯಜಮಾನ ಅವನ ಹೊಟ್ಟೆಗೆ ಒದ್ದ. ದುರ್ಗಯ್ಯ ಮುದುರಿಕೊಂಡು ನೆಲಕ್ಕೆ ಬಿದ್ದ. ಕೊಳವೆ ಕಿತ್ತುಕೊಂಡ ಶಂಭುಲಿಂಗಯ್ಯ ಕಣ್ಸನ್ನೆ ಮಾಡಿದ್ದೇ ತಡ, ಏಕಾಂತಯ್ಯ ಲಕ್ಕಮ್ಮನ ತುರುಬು ಹಿಡಿದು ಮುಖ ಮೇಲಕ್ಕೆತ್ತಿದ. ಹೊಡೆಯಲು ಮುಟ್ಟಿದರೆ ಮೈಲಿಗೆ ಇಲ್ಲವಲ್ಲ.

ನೀರು ನೇರವಾಗಿ ಕಣ್ಣಿಗೇ ಬಡಿಯಿತು.

ಲಕ್ಕಮ್ಮನ ಚೀರಾಟಕ್ಕೆ ಹುಣಸೆಮರದ ಕಾಗೆಗಳು ಎದ್ದವು. ಅವಳು ಏಕಾಂತಯ್ಯನ ಮಣಿಕಟ್ಟನ್ನು ಕಚ್ಚಿದಳು. ಬಾಯಿಗೆ ರಕ್ತದ ಉಪ್ಪು ಬಂದಮೇಲೂ ಬಿಡಲಿಲ್ಲ. ಅವನು ಕೊಸರಿಕೊಂಡು ಹಿಂದೆ ಸರಿದಾಗ, ತಡಕಾಡಿ ಯಜಮಾನನ ಕೈಯಿಂದ ಕೊಳವೆ ಕಸಿದು ಅದರಿಂದಲೇ ಅವನ ದವಡೆಗೆ ಬಾರಿಸಿದಳು. ಶಂಭುಲಿಂಗಯ್ಯ ಅಂಗಾತ ಬಿದ್ದ. ಅವಳು ಅವನ ಎದೆಯ ಮೇಲೆ ಮೊಣಕಾಲೂರಿದಳು.

“ಔಷ್ದಿ ಕಣೋ! ಕಣ್ ಬುಡೋ! ನೋಡ್ಲಿ ಗಿರಾಕಿಗಳು!”

ಸ್ವಾಮಿ ಎಂಬ ಮಾತು ಅವಳ ಬಾಯಿಂದ ಅಲ್ಲಿಗೆ ಹೋಯಿತು. ಪಂಪು ಗುರ್ರೆನ್ನುತ್ತ ಅವನ ಕಣ್ಣಿಗೇ ಪೂರ್ತಿ ಖಾಲಿಯಾಯಿತು. ಲಕ್ಕಮ್ಮ ಅವನ ಮೇಲಿಂದ ಇಳಿದು ಆಚೆ ಕೂತಳು. ಕಾರಿನವರು ಗಾಜು ಏರಿಸಿಕೊಂಡು ಹೊರಟೇಬಿಟ್ಟರು.

“ಅಯ್ಯಯ್ಯಪ್ಪಾ, ಉರಿ! ನೀರ್ ತತ್ತಾರ್ಲಾ ಯಾರಾದ್ರೂ!” ಶಂಭುಲಿಂಗಯ್ಯ ಬಿದ್ದಲ್ಲಿಂದಲೇ ಒದರಿದ.

ದುರ್ಗಯ್ಯ ಹೊಟ್ಟೆ ಹಿಡಿದುಕೊಂಡು ಎದ್ದ. ಕೇರಿಯವರು ಯಾರೂ ಕಾಲಿಡದ ಅಡುಗೆಮನೆಗೆ ನುಗ್ಗಿ, ಕುಡಿಯುವ ನೀರಿನ ಕೊಡ ಹೊತ್ತು ತಂದ. ಹೆಜ್ಜೆ ಸಪ್ಪಳಕ್ಕೆ ಯಜಮಾನ ಕೈ ಚಾಚಿದ.

“ದುರ್ಗ... ಬಾರಪ್ಪ, ಬೇಗ ಹುಯ್ಯಪ್ಪ.”

ದುರ್ಗಯ್ಯ ಅವನನ್ನು ದಾಟಿಕೊಂಡು ಹೋಗಿ ಹೆಂಡತಿಯ ಎದುರು ಕೂತ. ಅವಳ ರೆಪ್ಪೆ ಬಿಡಿಸಿ ನೀರು ಸುರಿದ.

“ಕಾಣ್ತದೇನೇ?”

“ಇಲ್ಲ. ಹುಯ್ಯಿ.”

ಕೊಡ ಬರಿದಾಯಿತು. ಅವನು ಮತ್ತೆ ತುಂಬಿಸಲು ಎದ್ದ. ಅಡುಗೆಮನೆಯ ಬಾಗಿಲಲ್ಲಿ ಏಕಾಂತಯ್ಯ, ರಕ್ತ ಸೋರುವ ಕೈಯಲ್ಲಿ ಕಾಯಿ ಕೆತ್ತುವ ಮಚ್ಚು ಹಿಡಿದು ನಿಂತಿದ್ದ.

“ಒಳೀಕ್ ಬಂದ್ರೆ ಕಡುದ್ಬುಡ್ತೀನಿ!”

ದುರ್ಗಯ್ಯ ಕೊಡವನ್ನು ಕಂಕುಳಿಗೆ ಏರಿಸಿಕೊಂಡು ಅತ್ತಲೇ ನಡೆದ.