ಹಿಣಿಲಿಲ್ಲದ ದನ

“ಬಾಯಿ ತೆಗ್ಸೋ ಅದ್ರದ್ದು.”

“ಬಾಯಿ ತೆಗ್ಯಲ್ಲ ಮಾವ. ಮರದ್ದು ಅದು.”

“ಮರದ್ದು ಅಂತ ನಂಗೂ ಕಾಣ್ತದೆ ಕಣೋ. ಬಾಯಿ ಇಟ್ಟಿದ್ದೀಯಲ್ಲ, ಇಟ್ಮೇಲೆ ತೆಗೀಬೇಕು. ಹಲ್ಲು ನೋಡ್ದೆ ಯಾವ ದನಕ್ಕೆ ಮಾತು ಕೊಟ್ಟಿದ್ದೀನಿ ನಾನು, ಹೇಳು ನೋಡೋಣ?”

“ದನ ಅಲ್ಲ ಮಾವ. ಡೈನೊಸಾರ್.”

“ಆಗ್ಲಿ. ದನ ಅಂತಿಟ್ಕೊ.”

ಅಜ್ಜಂಪುರದ ತಮ್ಮ ಮನೆಯ ಜಗಲಿಯ ಮೇಲೆ, ಬೇಸಿಗೆಯ ನಡುಹಗಲಿನಲ್ಲೂ ಕಂದು ಉಣ್ಣೆಯ ಕೋಟನ್ನು ಕಳಚದೆ ಕುಳಿತು, ಅಂಗೈಯಗಲದ ಟೈರನೊಸಾರಸ್ಸಿನ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಲು ಹೆಣಗುತ್ತಿದ್ದ ಈ ಮನುಷ್ಯ ಕರಿಸಿದ್ದಪ್ಪ. ಕಡೂರು, ತರೀಕೆರೆ ಸೀಮೆಯಲ್ಲಿ ಹೋರಿ ಕೊಳ್ಳುವವರು ಮೊದಲು ಇವರ ಮನೆಗೆ ಬಂದು ಆಮೇಲೆ ಹೋರಿಯ ಮನೆಗೆ ಹೋಗುತ್ತಾರೆ. ನನ್ನ ಸೋದರತ್ತೆ ದಾಕ್ಷಾಯಣಮ್ಮನ ಗಂಡನಾದ್ದರಿಂದ ನನಗೂ ಮಾವ. ಅವರೆದುರು ಮಂಡಿಯೂರಿ ಕುಳಿತು ಬೆವರುತ್ತಿದ್ದವನು ನನ್ನ ದೊಡ್ಡಪ್ಪನ ಮಗ ಓಂಕಾರಮೂರ್ತಿ. ತರೀಕೆರೆಯ ಸಾಮಿಲ್ಲಿನಲ್ಲಿ ಮಿಕ್ಕುಳಿದ ಹೊನ್ನೆ, ಹಲಸಿನ ತುಂಡುಗಳನ್ನು ತಂದು, ಕೊರೆದು, ಉಜ್ಜಿ, ಒಂದರ ಸಂದಿಗೆ ಇನ್ನೊಂದು ಕೂರುವಂತೆ ಸೀಳು ಕೊಟ್ಟು, ಅಂಟಿಲ್ಲದೆ ಮೊಳೆಯಿಲ್ಲದೆ ಮಕ್ಕಳೇ ಜೋಡಿಸಿ ಬಿಚ್ಚಿ ಮತ್ತೆ ಜೋಡಿಸಬಹುದಾದ ಆರು ಪುರಾತನ ಸರೀಸೃಪಗಳನ್ನು ಅವನು ಒಂದು ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದ. ನಾನು ಬಿ.ಎಸ್ಸಿ. ಪ್ರಾಣಿಶಾಸ್ತ್ರದವಳಾದ್ದರಿಂದ ಅವುಗಳ ಹೆಸರು, ಆಕಾರ, ಅಳತೆಗಳನ್ನು ಕಾಲೇಜು ಲೈಬ್ರರಿಯಿಂದ ಒದಗಿಸಿದ್ದು ನಾನು. ಜೋಡಿಸುವ ವಿಧಾನವನ್ನು ಒಂದು ಹಾಳೆಯಲ್ಲಿ ಬರೆದಿದ್ದೂ ನಾನೇ, ಇಂಗ್ಲಿಷಿನಲ್ಲಿ, ಏಕೆಂದರೆ ಲ್ಯಾಬಿನ ಭಾಷೆ ನನಗೆ ಬರುವುದು ಅದೊಂದರಲ್ಲೇ.

ಆ ಪೆಟ್ಟಿಗೆಯ ಮೇಲೆ ಓಂಕಾರಣ್ಣನ ಮುಂದಿನ ದಿನಗಳು ಕುಳಿತಿದ್ದವು. ಶಾಲೆ ಶುರುವಾಗುವ ಮೊದಲು ಯಾವುದಾದರೂ ಅಂಗಡಿ ಇದನ್ನು ಇಟ್ಟುಕೊಂಡರೆ ಮರಗೆಲಸ ಮುಂದುವರಿಸಲಿ, ಇಲ್ಲದಿದ್ದರೆ ಉಳಿ-ಗರಗಸ ಕಟ್ಟಿಟ್ಟು ಕೊಬ್ಬರಿ ಮಂಡಿಗೆ ಬಂದು ತಕ್ಕಡಿ ಹಿಡಿಯಲಿ ಎಂದು ದೊಡ್ಡಪ್ಪ ಹೇಳಿಯಾಗಿತ್ತು. ಕಡೂರಿನಲ್ಲಿ ಪುಸ್ತಕ, ಪೆನ್ನು, ಆಟದ ಸಾಮಾನಿನ ಅಂಗಡಿಯಿಟ್ಟಿರುವ ಪಂಚಾಕ್ಷರಪ್ಪನವರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ನಂಗೆ ಈ ಜಾತಿ ಗೊತ್ತಿಲ್ಲಪ್ಪ. ಕರಿಸಿದ್ದಪ್ಪಣ್ಣ ನೋಡಿ ಹೂಂ ಅಂದ್ರೆ ಇಟ್ಕೊತೀನಿ” ಎಂದಿದ್ದರು. ತೋಟದ ಎತ್ತಿನಿಂದ ಹಿಡಿದು ಅಂಗಡಿಯ ಗಾಜಿನ ಬೀರುವಿನವರೆಗೆ ಕರಿಸಿದ್ದಪ್ಪನವರು ಸುತ್ತು ಹಾಕಿ ನೋಡದ ಯಾವುದನ್ನೂ ಆ ಸಾಹುಕಾರರು ಕೊಂಡವರಲ್ಲ. ಇವತ್ತು ಅವರೂ ಬಂದು, ಜಗಲಿಯ ಒಂದೇ ಕುರ್ಚಿಯನ್ನು ಹಿಡಿದು, ಅತ್ತೆ ಕೊಟ್ಟ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಹೀರುತ್ತ ಮಾತಿಗಾಗಿ ಕಾಯುತ್ತಿದ್ದರು.

ಮಾವನ ನಡಿಗೆಯನ್ನು ಹೇಳದೆ ಮಾವನನ್ನು ಹೇಳಿದಂತಾಗುವುದಿಲ್ಲ. ಅವರು ಯಾರ ಜೊತೆಗೂ ಸಮನಾಗಿ ನಡೆಯುವುದಿಲ್ಲ. ಅರ್ಧ ಹೆಜ್ಜೆ ಹಿಂದೆ, ಸ್ವಲ್ಪ ಎಡಕ್ಕೆ, ತಲೆ ಬಾಗಿಸಿ ನಡೆಯುತ್ತಾರೆ. ಆಯುಷ್ಯವಿಡೀ ಹೋರಿಗಳ ಹಿಂಗಾಲನ್ನು ಗಮನಿಸುತ್ತ ನಡೆದ ಅಭ್ಯಾಸವದು. ಈಗ ಮದುವೆಯ ದಿಬ್ಬಣವಾಗಲಿ, ಮಠಕ್ಕೆ ಬಂದ ಸ್ವಾಮಿಗಳ ಪರಿವಾರವಾಗಲಿ, ಅವರ ಸ್ಥಾನ ಅದೇ, ಮುಂದಿರುವವರಿಗೆ ತಮ್ಮ ಹಿಮ್ಮಡಿ ಯಾರದೋ ಪರಿಶೀಲನೆಯಲ್ಲಿದೆಯೆಂಬ ಅಳುಕು ಹುಟ್ಟಿ ಕಾಲು ತೊಡರುತ್ತದೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಒಮ್ಮೆ ನನಗೆ, “ಕೂಸೇ, ಎಡಗಾಲು ಎಳೀತೀಯ. ಚಪ್ಪಲಿ ಬದ್ಲಾಯ್ಸು” ಎಂದಿದ್ದರು. ಚಪ್ಪಲಿ ಹೊಸದು, ಸ್ಟೈಲಿನದು, ನನಗೆ ಬಹಳ ಪ್ರಿಯವಾದದ್ದು, ಬದಲಾಯಿಸಲಿಲ್ಲ.

ಇನ್ನು ಕೋಟು. ಅದರ ಒಂದು ಗುಂಡಿ ಇನ್ನೊಂದಕ್ಕೆ ಹೊಂದುವುದಿಲ್ಲ, ಎಡ ಜೇಬು ಬೆಲ್ಲದ ಅಂಟಿನಿಂದ ಬಿರುಸಾಗಿ ನಿಂತುಬಿಟ್ಟಿದೆ, ಏಕೆಂದರೆ ಪರೀಕ್ಷೆಗೆ ಬಂದ ಪ್ರತಿ ಹೋರಿಗೂ ಒಂದು ಚೂರು ಬೆಲ್ಲ ಕೊಟ್ಟು ನಾಲಿಗೆ ಹೇಗೆ ಬರುತ್ತದೆ, ಎಷ್ಟು ದೂರ ಬರುತ್ತದೆ, ಕೊಟ್ಟ ಕೈಯನ್ನು ಹುಡುಕುತ್ತದೋ ಇಲ್ಲವೋ ಎಂದು ನೋಡುವುದು ಅವರ ಪದ್ಧತಿ. ಅತ್ತೆ ಅದನ್ನು ಒಗೆಯಲು ಕೇಳಿ ಕೇಳಿ ಸಾಕಾಗಿ, ಇರುವೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಮಾತಿನಲ್ಲಿ ‘ಅಂತಿಟ್ಕೊ’ ಎಂಬುದೊಂದು ಬಾಲವಿದೆ; ಸಂದೇಹವೇ ಇಲ್ಲದ ವಿಷಯಕ್ಕೂ ಅದು ಅಂಟಿಕೊಂಡು ಬರುತ್ತದೆ. ಹೊಸಬರಿಗೆ “ನಾನು ಕರಿಸಿದ್ದಪ್ಪ ಅಂತಿಟ್ಕೊ” ಎಂದೇ ಪರಿಚಯ ಹೇಳಿಕೊಳ್ಳುತ್ತಾರೆ.

ಅವರು ಯಾವುದನ್ನೂ ಚೆನ್ನಾಗಿದೆ ಎನ್ನುವುದಿಲ್ಲ, ಕೆಟ್ಟದ್ದೂ ಎನ್ನುವುದಿಲ್ಲ. ಒಪ್ಪಿದರೆ “ಹೊಡ್ಕಂಡ್ ಹೋಗು.” ಒಪ್ಪದಿದ್ದರೆ “ನೀರು ಕುಡ್ಸು.” ಮಾರುವವನ ಎದುರಿಗೆ ಅವನ ದನವನ್ನು ಹಳಿಯಬಾರದೆಂದು ಹುಟ್ಟಿಕೊಂಡ ಮಾತು ಇದು. ‘ನೀರು ಕುಡ್ಸು’ ಎಂದೊಡನೆ ಕೊಳ್ಳುವವನು ಹಗ್ಗವನ್ನು ಮರಳಿಸುತ್ತಾನೆ, ಮಾರುವವನು ತೊಟ್ಟಿಯತ್ತ ನಡೆಯುತ್ತಾನೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಿರೇನಲ್ಲೂರಿನವರು ಒಮ್ಮೆ ಹಳೆಯ ಪಂಪ್‌ಸೆಟ್ಟು ತೋರಿಸಿದಾಗ ಅದಕ್ಕೂ ಇದೇ ಮಾತನ್ನು ಹೇಳಿದರಂತೆ. ಅರ್ಥವಾಗದ ಮೆಕ್ಯಾನಿಕ್ಕು ನಿಜವಾಗಿಯೂ ನೀರು ತುಂಬಿಸಲು ಹೋದನಂತೆ.

ಅತ್ತೆಯ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವ ಒಂದು ಸಂಗತಿಯಿದೆ. ಪಂಚನಹಳ್ಳಿಯ ರೈತನೊಬ್ಬ ಮಾವನದೇ ಹೋರಿಯನ್ನು ಕೊಳ್ಳಲು ಬಂದಿದ್ದ. ನೋಡಿದ, ಮೆಚ್ಚಿದ, ಮೂಗುದಾರಕ್ಕೆ ಕೈ ಹಾಕಿದ. ಆಗ ಮಾವ ತಾವಾಗಿ ಹೋರಿಯ ಗಂಗೆದೊಗಲನ್ನು, ಎಂದರೆ ಕೊರಳ ಕೆಳಗಿನ ಆ ಜೋಲುದೊಗಲನ್ನು, ಎತ್ತಿ ಅದರಡಿಯ ಕೂದಲಿನ ಕೆಟ್ಟ ಸುಳಿಯೊಂದನ್ನು ತೋರಿಸಿ, “ನೀರು ಕುಡ್ಸು” ಎಂದರಂತೆ, ತಮ್ಮ ದನಕ್ಕೆ ತಾವೇ. ಮುಂದಿನ ಹಬ್ಬ ಕಳೆಯುವವರೆಗೂ ಅತ್ತೆ ಅವರೊಡನೆ ಮಾತಾಡಲಿಲ್ಲ. ಆ ಹೋರಿ ಈ ಮನೆಯಲ್ಲೇ ಸುಖವಾಗಿ ಮುದಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ಸುಳಿ ಸುಳ್ಳೆಂದು ಸಾಬೀತಾಯಿತಲ್ಲ ಎಂದು ನಾನು ಮಾವನನ್ನು ಕೇಳಿದರೆ, “ನಂಗೆ ಆಗ್ಲಿಲ್ಲ. ಅವ್ನಿಗೆ ಆಗ್ತಿತ್ತೇನೋ, ಯಾರು ಕಂಡ್ರು” ಎಂದರು. ಈ ಉತ್ತರಕ್ಕೆ ನಮ್ಮ ಸಿಲಬಸ್ಸಿನಲ್ಲಿ ಪ್ರತಿವಾದವಿಲ್ಲ.

ಹೀಗಿರುವ ಮಾವನ ಮುಂದೆ ಓಂಕಾರಣ್ಣ ಬ್ರಾಂಟೊಸಾರಸ್ಸನ್ನೂ ಬೆನ್ನ ಮೇಲೆ ಹಾಯಿಯಿರುವ ಡೈಮೆಟ್ರೊಡಾನನ್ನೂ ಬಿಡಿ ತುಂಡುಗಳಾಗಿ ಸುರಿದು, ನನ್ನ ಹಾಳೆಯನ್ನು ಪಕ್ಕದಲ್ಲಿಟ್ಟ. ಮಾವ ಹಾಳೆಯನ್ನು ಮಡಚಿ, ನೊಣ ಬೀಳದಂತೆ ಸಾಹುಕಾರರ ಮಜ್ಜಿಗೆ ಲೋಟದ ಮೇಲೆ ಮುಚ್ಚಿದರು. ಆಮೇಲೆ ಜೋಡಿಸತೊಡಗಿದರು. ಆ ದಪ್ಪ ಬೆರಳುಗಳು ತುಂಡಿನಿಂದ ತುಂಡಿಗೆ ಅಷ್ಟು ಹಗುರಾಗಿ ಸಂಚರಿಸುವುದನ್ನು ನೋಡುತ್ತ ನಾನು ನನ್ನ ಹಾಳೆಯನ್ನೇ ಮರೆತೆ; ಕಾಲು ಬಂತು, ಸೊಂಟ ಬಂತು, ಉದ್ದನೆಯ ಬಾಲ ಬಂತು, ಕೊರಳು ಬಂತು, ಬ್ರಾಂಟೊಸಾರಸ್ಸು ಎದ್ದು ನಿಂತಿತು. ಮಾವ ತೃಪ್ತರಾಗಲಿಲ್ಲ. ಉಳಿದ ರಾಶಿಯನ್ನು ಕೆದಕಿ, ಡೈಮೆಟ್ರೊಡಾನಿನ ಹಾಯಿಯನ್ನು ಹೆಕ್ಕಿ, ಬ್ರಾಂಟೊಸಾರಸ್ಸಿನ ಕತ್ತಿನ ಬುಡದ ಸಂದಿಯಲ್ಲಿ, ಹೋರಿಗೆ ಹೆಗಲ ಡುಬ್ಬವಿರುವ ಜಾಗದಲ್ಲೇ, ಒತ್ತಿ ಕೂರಿಸಿದರು. ಅದು ಕೂತೂಬಿಟ್ಟಿತು.

“ಈಗ ನೋಡು. ಹಿಣಿಲು ಬಂತು, ಕಳೆ ಬಂತು.”

ನಾನು ನಕ್ಕುಬಿಟ್ಟೆ. “ಮಾವ, ಅದಕ್ಕೆ ಹಿಣಿಲು ಇರ್ಲಿಲ್ಲ!”

“ಹಿಣಿಲಿಲ್ದೆ ನೊಗ ಎಲ್ಲಿ ಕೂರ್ತದೆ?”

“ನೊಗ ಯಾರು ಹೂಡ್ತಿದ್ರು? ಆಗ ಮನುಷ್ಯರೇ ಇರ್ಲಿಲ್ಲ.”

“ನಮ್ ಕಡೆ ಇರ್ಲಿಲ್ವೋ?”

“ಯಾವ್ ಕಡೇನೂ ಇರ್ಲಿಲ್ಲ ಮಾವ. ಎಲ್ಲೂ ಒಬ್ರೂ ಇರ್ಲಿಲ್ಲ.”

ಮಾವ ಕೋಟಿಗೆ ಕೈ ಹಾಕಿದರು. ಜೇಬಿನಿಂದ ಬೆಲ್ಲದ ಚೂರು ತೆಗೆದು, ಯಾರಿಗೆ ಕೊಡಬೇಕೆಂದು ತೋಚದೆ ತಾವೇ ಬಾಯಿಗೆ ಹಾಕಿಕೊಂಡರು. ಉಳುವುದಕ್ಕಲ್ಲ, ಎಳೆಯುವುದಕ್ಕಲ್ಲ, ಮಾರುವುದಕ್ಕಲ್ಲ, ಯಾರೊಬ್ಬರೂ ಸುತ್ತು ಹಾಕಿ ನೋಡಿ ಒಪ್ಪದೆಯೇ ಇಷ್ಟು ದೊಡ್ಡ ಪ್ರಾಣಿಯೊಂದು ಹುಟ್ಟಿ, ಮೇದು, ಸತ್ತುಹೋಯಿತೆಂಬುದು ಅವರಿಗೆ ಒಂದು ಬಗೆಯ ಅನಾಥತೆಯಾಗಿ ಕಂಡಿರಬೇಕು.

“ಪಾಪ,” ಎಂದರು ಕೊನೆಗೆ. “ಹೇಳೋರು ಕೇಳೋರು ಇಲ್ದಿದ್ ದನ ಅಂತಿಟ್ಕೊ.”

ಬಾಗಿಲಿನಿಂದ ಅತ್ತೆ, “ನನ್ ಅಣ್ಣನ ಮಗ ಇಷ್ಟ್ ಕಷ್ಟಪಟ್ಟು ಮಾಡ್ಕಂಡ್ ಬಂದಿದ್ದಾನೆ, ಹೊಡ್ಕಂಡ್ ಹೋಗು ಅನ್ರೀ ಅತ್ಲಾಗೆ. ಆ ಹಲ್ಲಿಗಳಿಗೆಲ್ಲ ಎಂಥ ಹಿಣಿಲು?” ಎಂದರು. ಸಾಹುಕಾರರು ಮಾತ್ರ ಹಿಣಿಲಿನತ್ತಲೇ ನೋಡುತ್ತ, “ಹಿಣಿಲಿದ್ರೇ ಲಕ್ಷಣ, ಕರಿಸಿದ್ದಪ್ಪಣ್ಣ. ನಮ್ ಮಕ್ಳಿಗೆ ಗುರ್ತು ಸಿಗ್ತದೆ” ಎಂದರು.

ಓಂಕಾರಣ್ಣನ ಮುಖ ಬೆಳಗಿತು. ಕೊಬ್ಬರಿ ಮಂಡಿಯ ಬಾಗಿಲು ಕಣ್ಣೆದುರೇ ಮುಚ್ಚಿಕೊಳ್ಳುತ್ತಿರುವುದನ್ನು ಕಂಡವನಂತೆ ಒಂದೇ ಉಸಿರಿನಲ್ಲಿ, “ಎಲ್ಲಾದಕ್ಕೂ ಹಿಣಿಲು ಇಟ್ಬಿಡ್ತೀನಿ ಮಾವ! ಒಂದು ತುಂಡು ಜಾಸ್ತಿ ಕೊಯ್ದ್ರಾಯ್ತು. ನಿಮ್ಗೂ ಹಿಡಿಸ್ತು, ಸಾವ್ಕಾರ್ರಿಗೂ ಹಿಡಿಸ್ತು. ಮಲ್ಲಿ, ನೀನು ಸುಮ್ನಿರೇ” ಎಂದ. ನಾನು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ಮಾವ ತಲೆಯೆತ್ತಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಇಲ್ಲದ್ದನ್ನ ಇಡ್ತೀಯೇನೋ? ಕೊಂಬು ಹೆರೆದು, ಎಣ್ಣೆ ಸವರಿ, ಮುದಿ ಎತ್ತನ್ನ ಪ್ರಾಯದ್ದು ಅಂತ ತೋರ್ಸೋ ದಲ್ಲಾಳಿಗೂ ನಿಂಗೂ ಏನ್ ವ್ಯತ್ಯಾಸ? ನಂಗೆ ಹಿಡಿಸ್ತದೆ ಅಂತ ಅದ್ರ ಮೈಮೇಲೆ ಬೆಳೆದ್ಬಿಡ್ತದಾ?”

“ನೀವೇ ಅಲ್ವಾ ಮಾವ ಇಟ್ಟಿದ್ದು…”

“ಗೊತ್ತಿಲ್ದೆ ಇಟ್ಟೆ. ಈ ಕೂಸು ಹೇಳ್ತು, ಗೊತ್ತಾಯ್ತು.”

ಬ್ರಾಂಟೊಸಾರಸ್ಸಿನ ಬೆನ್ನನ್ನು ಎಡಗೈಯಲ್ಲಿ ಒತ್ತಿಹಿಡಿದು, ಬಲಗೈಯಿಂದ ಆ ಹಾಯಿಯನ್ನು ಮೆಲ್ಲಗೆ, ನೋವಾಗಬಾರದೆಂಬಂತೆ ಅಲುಗಿಸಿ ಕಿತ್ತರು. ಹಿಣಿಲಿಲ್ಲದ ಬೋಳು ಹೆಗಲನ್ನು ನೋಡಿ ಅವರ ಮುಖ ಸ್ಪಷ್ಟವಾಗಿ ಸಿಂಡರಿಸಿತು. ಅದು ಅವರಿಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ. ಆದರೂ ಅದರ ಸೊಂಟಕ್ಕೆ ಹೆಬ್ಬೆರಳೊತ್ತಿ ಕಾಲು ನಡುಗುತ್ತದೋ ನೋಡಿದರು, ಬಾಲ ಎಳೆದು ನೋಡಿದರು, ಜಗಲಿಯಿಂದ ಅಂಗಳಕ್ಕೆ ಕೆಡವಿ ಮತ್ತೆ ಎತ್ತಿಕೊಂಡರು. ಹಾಯಿಯನ್ನು ಡೈಮೆಟ್ರೊಡಾನಿಗೇ ಮರಳಿ ಜೋಡಿಸಿ, ಐದನ್ನೂ ಹೀಗೆಯೇ ನೋಡಿ ಸಾಲಾಗಿ ನಿಲ್ಲಿಸಿದರು. ಮೂರು ಕೊಂಬಿನ ಟ್ರೈಸೆರಾಟಾಪ್ಸನ್ನು ಮಾತ್ರ ಎರಡು ಸಲ ನೋಡಿದರು, ಅದು ಪಕ್ಷಪಾತ. ಕಡೆಯದು ಟೆರನೊಡಾನ್, ಚರ್ಮದ ರೆಕ್ಕೆಯದು. ಓಂಕಾರಣ್ಣ ಹೆಚ್ಚು ಮೋಹದಿಂದ ಕೊರೆದದ್ದು. ಜಗಲಿಯ ಮೇಲಿಟ್ಟರು, ಮೂತಿ ಕುಸಿದು ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು.

“ಅದನ್ನ ದಾರ ಕಟ್ಟಿ ನೇತಾಕ್ಬೇಕು ಮಾವ. ಹಾರೋದು ಅದು.”

“ಹಾರ್ಲಿ. ಇಳಿದ್ಮೇಲೆ ನಿಲ್ಬೇಕಲ್ಲ?”

ಆಮೇಲೆ ಸಾಹುಕಾರರ ಕಡೆ ತಿರುಗಿದರು. “ಪಂಚಾಕ್ಷರಪ್ಪ, ಐದು ಹೊಡ್ಕಂಡ್ ಹೋಗು. ಹಿಣಿಲಿಲ್ದೇ ಹೊಡ್ಕಂಡ್ ಹೋಗು. ಇದಕ್ಕೆ ನೀರು ಕುಡ್ಸು.”

“ಆರೂ ಸೇರಿ ಒಂದು ಪೆಟ್ಟಿಗೆ ಮಾವ,” ಎಂದ ಓಂಕಾರಣ್ಣ, ದನಿ ಸಣ್ಣದಾಗಿ.

“ಐದನ್ನ ಗಾಜಿನ ಬೀರುನಲ್ಲಿ ನಿಲ್ಸಿರ್ತೀನಿ,” ಎಂದರು ಸಾಹುಕಾರರು ಎದ್ದು ನಿಂತು, ಪಂಚೆ ಕೊಡವಿಕೊಳ್ಳುತ್ತ. “ನಿಮ್ ಅಪ್ಪಂಗೂ ನಾನೇ ಹೇಳ್ತೀನಿ. ಅದು ನಿಂತ ದಿನ ಪೆಟ್ಟಿಗೆ ಮುಚ್ಚೋಣ.”

ಹತ್ತು ಜನರ ಪರವಾಗಿ ನೋಡಿ ಹೇಳುವುದನ್ನೇ ಬದುಕಾಗಿ ಮಾಡಿಕೊಂಡ ಇಂಥವರ ಅಭಿರುಚಿ ಬಲು ಇಕ್ಕಟ್ಟಾದದ್ದು. ತಮ್ಮ ಊರು, ತಮ್ಮ ತಳಿ, ತಮ್ಮ ಹೆಗಲಿನ ಆಚೆಗೆ ಅದು ಹೋಗಲೊಲ್ಲದು, ಹೋಗಬೇಕೆಂದು ಬಯಸುವುದೂ ಇಲ್ಲ. ಆದರೆ ತಮಗೆ ಹಿಡಿಸುವುದು ಒಂದು, ಎದುರಿಗೆ ಇರುವುದು ಇನ್ನೊಂದು ಎಂಬ ಬೇಲಿಯನ್ನು ಅವರು ತಮ್ಮೊಳಗೇ ಹಾಕಿಕೊಂಡಿರುತ್ತಾರೆ, ಆ ಬೇಲಿಯನ್ನು ಹಾರುವ ಅವಕಾಶ ದಿನವೂ ಇರುತ್ತದೆ, ಹಾರಿದರೆ ಮನೆಯವರಿಗೆ ಸಂತೋಷ, ಬಂಧುಗಳಿಗೆ ಲಾಭ, ಕೇಳುವವರು ಯಾರೂ ಇಲ್ಲ. ಊರಿಗೆ ಊರೇ ಅವರ ಒಂದು ಮಾತಿಗಾಗಿ ಮಜ್ಜಿಗೆ ಕುಡಿಯುತ್ತ ಕಾಯುವುದು ಅವರು ಹಾರದೆ ಉಳಿದ ಕಾರಣಕ್ಕೆ.

“ಮಂಗಳವಾರ ತರ್ತೀನಿ ಮಾವ,” ಎಂದ ಓಂಕಾರಣ್ಣ, ಆಗಲೇ ರೆಕ್ಕೆಯ ಕೀಲನ್ನು ತಿರುವುತ್ತ.

“ಮಂಗಳವಾರ ನಾನು ಊರಲ್ಲಿರಲ್ಲ. ಬುಧವಾರ ಬನ್ನಿ. ಕೂಸೇ, ನೀನು ಆ ಪುಸ್ತಕ ತಗಂಬಾ. ಇದು ನೆಲದ ಮೇಲೆ ಹೆಂಗೆ ನಿಲ್ತಿತ್ತು ಅಂತ ನೋಡ್ಬೇಕು.”

“ಲೈಬ್ರರಿಯಿಂದ ಆಚೆ ಕೊಡಲ್ಲ ಮಾವ ಅದನ್ನ.”

“ಹಂಗಾದ್ರೆ ನೋಡ್ಕಂಡ್ ಬಾ. ಸರಿಯಾಗಿ ನೋಡು, ಹಿಂದಗಡೆಯಿಂದ.”

ಬುಧವಾರ ಬೆಳಿಗ್ಗೆ ತರೀಕೆರೆಯ ಮೊದಲ ಬಸ್ಸಿಗೇ ಬರುವುದೆಂದು ಮಾತಾಯಿತು.